ಹೊಗೆ ತಪಾಸಣೆ: ಪತ್ರವೇ ಪ್ರಮಾಣವೇ?

ವಾಯುಮಾಲಿನ್ಯ ತಪಾಸಣಾ ಪತ್ರವಿಲ್ಲದ ವಾಹನದ ವಿಮೆಯನ್ನು ನವೀಕರಿಸಕೂಡದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಆದೇಶಿಸಿತ್ತು. ವಿಮೆಯಿಲ್ಲದ ವಾಹನಗಳಿಂದ ಅಪಘಾತದ ಸಂತ್ರಸ್ತರು ಪರಿಹಾರವಂಚಿತರಾಗುವರೆಂಬ ಕಾರಣಕ್ಕೆ, ಥರ್ಡ್ ಪಾರ್ಟಿ ವಿಮೆಯ ಮಟ್ಟಿಗೆ 2024ರಲ್ಲಿ ಅದನ್ನು ತೆರವುಗೊಳಿಸಿತು. ಇದು ಸರಿಯೇ. ಈಗ ಸರ್ಕಾರದ ಕೈಯಲ್ಲುಳಿದ ಮುಖ್ಯ ಅಸ್ತ್ರ, 2019ರ ತಿದ್ದುಪಡಿಯ 10,000 ರೂಪಾಯಿವರೆಗಿನ ದಂಡ.

ದಂಡವು ಪತ್ರವನ್ನು ತಂದೀತು, ಶುದ್ಧಗಾಳಿಯನ್ನಲ್ಲ. ನಿಂತ ಪೆಟ್ರೋಲ್ ಕಾರಿನಲ್ಲಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಅಳೆಯುತ್ತಾರೆ. ಡೀಸೆಲ್ ವಾಹನದಲ್ಲಿ ಹೊಗೆಯ ಸಾಂದ್ರತೆಯನ್ನಷ್ಟೆ. ನೈಟ್ರೋಜನ್ ಆಕ್ಸೈಡುಗಳು ಲೆಕ್ಕಕ್ಕಿಲ್ಲ. ಕಳೆದ ಬಾರಿಯಂತೂ ನನ್ನ ಕಾರಿನ ಹೊಗೆಕೊಳವೆಗೆ ನಳಿಗೆ ತೂರಿಸುವ ಮೊದಲೇ ಪತ್ರ ಮುದ್ರಣವಾಗಿತ್ತು!

ಮಾಲೀಕ ಕೊಡುವ ಶುಲ್ಕವೇ ತಪಾಸಕನ ಜೀವನಾಧಾರ. ವಾಹನವನ್ನು ಅನುತ್ತೀರ್ಣಗೊಳಿಸಿದರೆ ಗಿರಾಕಿ ಪಕ್ಕದ ಕೇಂದ್ರಕ್ಕೆ ಹೋಗುತ್ತಾನೆ. ಆದುದರಿಂದ ಸಾರಿಗೆ ಇಲಾಖೆಯು ತೇರ್ಗಡೆಯಾದ ಕೆಲವು ವಾಹನಗಳನ್ನು ರಸ್ತೆಯಲ್ಲೇ ಮರುಪರೀಕ್ಷಿಸಲಿ. ಸುಳ್ಳು ಪತ್ರ ಕೊಟ್ಟ ಕೇಂದ್ರದ ಪರವಾನಗಿ ಮೊದಲು ರದ್ದಾಗಲಿ.