ಜಲಜನಕ ಶುದ್ಧ, ಅದರ ಮೂಲ?

ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯ ರಾಗಿ ಹೊಲಗಳಿಗೆ ಅಮೋನಿಯಾ ಹೊಸದಲ್ಲ. ಯೂರಿಯಾ, ಡಿಎಪಿ ಗೊಬ್ಬರಗಳ ರೂಪದಲ್ಲಿ ಅದು ದಶಕಗಳಿಂದ ಚೀಲಗಳಲ್ಲಿ ಬರುತ್ತಿದೆ. ಇದೀಗ ಅದೇ ಅಮೋನಿಯಾದಿಂದ ಜಲಜನಕವನ್ನು ಬೇರ್ಪಡಿಸಿ, ಸಣ್ಣ ಇಂಧನ ಕೋಶಗಳ ಮೂಲಕ ವಿದ್ಯುತ್ ಪಡೆಯುವ ವಿಧಾನವನ್ನು ಶುದ್ಧ ಇಂಧನವೆಂದು ಕೊಂಡಾಡಲಾಗುತ್ತಿದೆ. ಕೋಶದಿಂದ ಹೊಗೆ ಬಾರದು, ನಿಜ. ಆದರೆ ಕೊನೆಯ ಹಂತವನ್ನಷ್ಟೇ ನೋಡಿ ಇಡೀ ದಾರಿಯನ್ನು ಶುದ್ಧವೆನ್ನಲಾಗದು.

ಈ ವಿಧಾನದ ಗುಣವನ್ನು ಅಲ್ಲಗಳೆಯುವಂತಿಲ್ಲ. ಜಲಜನಕವನ್ನು ದ್ರವವಾಗಿಸಲು ಮೈನಸ್ 253 ಡಿಗ್ರಿ ಸೆಲ್ಸಿಯಸ್ ಶೈತ್ಯ ಬೇಕು. ಅಮೋನಿಯಾಕ್ಕೆ ಮೈನಸ್ 33 ಡಿಗ್ರಿ ಸಾಕು. ಅದರ ತೂಕದಲ್ಲಿ ಶೇ. 17.6ರಷ್ಟು ಜಲಜನಕವಿದೆ. ನಿಕ್ಕಲ್ ಅಥವಾ ರುಥೇನಿಯಂ ಕ್ರಿಯಾವರ್ಧಕದ ಮೇಲೆ ಹಲವು ನೂರು ಡಿಗ್ರಿ ಕಾಯಿಸಿದಾಗ ಅದು ಸಾರಜನಕ, ಜಲಜನಕಗಳಾಗಿ ಒಡೆಯುತ್ತದೆ. ಆದರೆ ಒಡೆಯದೆ ಉಳಿದ ಅಮೋನಿಯಾದ ಲವಲೇಶವೂ ಪಾಲಿಮರ್ ಪೊರೆಯ ಕೋಶವನ್ನು ಕೆಡಿಸುತ್ತದೆ. ವಾಹನಗಳ ಕೋಶಕ್ಕೆ ಅಂತಾರಾಷ್ಟ್ರೀಯ ಮಾನದಂಡ ಒಪ್ಪುವುದು ಕೋಟಿಗೆ ಒಂದು ಪಾಲನ್ನು ಮಾತ್ರ. ಸೋರಿದರೆ ಕಣ್ಣಿಗೂ ಶ್ವಾಸಕೋಶಕ್ಕೂ ಅಪಾಯ.

ಮುಖ್ಯ ಪ್ರಶ್ನೆ ಬೇರೆಯದೇ ಇದೆ. ಈ ಅಮೋನಿಯಾ ಹುಟ್ಟುವುದೆಲ್ಲಿ? ಮಂಗಳೂರಿನ ಪಣಂಬೂರಿನಲ್ಲಿ 1976ರಿಂದ ನಡೆಯುತ್ತಿರುವ ರಸಗೊಬ್ಬರ ಕಾರ್ಖಾನೆ ಬಹುಕಾಲ ನಾಫ್ತಾವನ್ನೂ, ಕೊಚ್ಚಿ–ಮಂಗಳೂರು ಕೊಳವೆಮಾರ್ಗ ಬಂದ ಬಳಿಕ ನೈಸರ್ಗಿಕ ಅನಿಲವನ್ನೂ ಅಮೋನಿಯಾಕ್ಕೆ ಬಳಸಿದೆ. ಅನಿಲದಿಂದ ಒಂದು ಟನ್ ಅಮೋನಿಯಾ ತಯಾರಾಗುವಾಗ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಉತ್ಪತ್ತಿಯಾಗುತ್ತದೆ. ಅಂತಹ ಅಮೋನಿಯಾವನ್ನು ಒಡೆದು ಪಡೆದ ಜಲಜನಕ ಶುದ್ಧವಾಗುವುದು ಹೇಗೆ?

ಸೌರವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಹಸಿರು ಅಮೋನಿಯಾ ತಯಾರಿಸಬಹುದು. ಆದರೆ ಅದನ್ನು ಮತ್ತೆ ಜಲಜನಕವಾಗಿಸಿ ವಿದ್ಯುತ್ ಪಡೆಯುವುದೆಂದರೆ ಕೊಂಕಣ ಸುತ್ತಿ ಮೈಲಾರಕ್ಕೆ ಹೋದಂತೆಯೇ ಸರಿ: ತೊಡಗಿಸಿದ ವಿದ್ಯುತ್ತಿನ ಮೂರನೆಯ ಒಂದು ಪಾಲು ಮರಳುವುದೂ ಕಷ್ಟ. ಲಿಥಿಯಂ ಬ್ಯಾಟರಿಯಾದರೋ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಪಾಲನ್ನು ಹಿಂದಿರುಗಿಸುತ್ತದೆ.

ಆದುದರಿಂದ ಹಸಿರು ಅಮೋನಿಯಾದ ಮೊದಲ ಹಕ್ಕು ಹೊಲದ್ದು. 2025ರಲ್ಲಿ ಭಾರತೀಯ ಸೌರಶಕ್ತಿ ನಿಗಮವು ರಸಗೊಬ್ಬರ ಕಾರ್ಖಾನೆಗಳಿಗೆ ಹಸಿರು ಅಮೋನಿಯಾ ಒದಗಿಸಲು ಹರಾಜು ನಡೆಸಿದ್ದು ಸರಿಯಾದ ಹೆಜ್ಜೆ. ಮನೆಯ ದೀಪಕ್ಕೆ ಸೌರಫಲಕ, ಬ್ಯಾಟರಿ ಸಾಕು. ಮುಂಗಾರಿನಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಗುಡ್ಡಗಾಡಿನಲ್ಲಿ, ಡೀಸೆಲ್ ಜನರೇಟರಿಗೆ ಬದಲಾಗಿ ಮಾತ್ರ ಅಮೋನಿಯಾ ಕೋಶಕ್ಕೆ ಸ್ಥಾನವಿರಬಹುದು. ಇಂತಹ ಯೋಜನೆ ಊರಿಗೆ ಬಂದರೆ ಗ್ರಾಮಸಭೆಯೂ ವಿದ್ಯಾರ್ಥಿಗಳೂ ಮೊದಲು ಕೇಳಬೇಕಾದುದು ಯಂತ್ರದ ಬೆಲೆಯನ್ನಲ್ಲ, ಅಮೋನಿಯಾದ ಹುಟ್ಟೂರನ್ನು.