ನೀರಲ್ಲಿ ಉಸಿರು ಬಿಗಿಹಿಡಿದ ಭತ್ತ

ಹೋದ ಮಳೆಗಾಲದಲ್ಲಿ ಬನವಾಸಿ ಕಡೆಯಿಂದ ಅಣ್ಣನ ಫೋನು. “ವರದೆ ಉಕ್ಕಿ ಗದ್ದೆ ಮುಳುಗಿ ಆರು ದಿನ ಆತು. ಇನ್ನೆರಡು ದಿನ ನೀರು ನಿಂತ್ರೆ ಮತ್ತೆ ಸಸಿ ಹುಡುಕ್ಬೇಕು ನೋಡು.” ಪುಣೆಯ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಿಂತು ‘ಹೂಂ’ ಅಂದೆ. ನನ್ನಿಂದಾದದ್ದು ಅಷ್ಟೇ.

ಭತ್ತಕ್ಕೆ ನೀರು ಬೇಕು, ನಿಜ. ಆದರೆ ಪೂರ್ತಿ ಮುಳುಗಿದರೆ ಅದೂ ಸಾಯುತ್ತದೆ. ಗಾಳಿ ಸಿಗದ ಪೈರು ನೀರಿನ ಮೇಲೆ ತಲೆ ಎತ್ತಲು ಸರಸರನೆ ಉದ್ದವಾಗುತ್ತದೆ. ಕೂಡಿಟ್ಟ ಸಕ್ಕರೆಯೆಲ್ಲ ಅದಕ್ಕೇ ಖರ್ಚು. ನೀರು ಇಳಿಯುವ ಹೊತ್ತಿಗೆ ನಿಲ್ಲುವ ಶಕ್ತಿಯಿಲ್ಲದೆ ನೆಲಕ್ಕೊರಗಿ ಕೊಳೆಯುತ್ತದೆ.

ಒಡಿಶಾದ ರೈತರ ಹಳೆಯ ತಳಿಯೊಂದರಿಂದ ಆರಿಸಿದ ಎಫ್‌ಆರ್‌13ಎ ಎಂಬ ಭತ್ತ ಹೀಗೆ ಮಾಡುವುದಿಲ್ಲ. ಎರಡು ವಾರದವರೆಗೆ ಮುಳುಗಿದ್ದರೂ ಮತ್ತೆ ಚಿಗುರುತ್ತದೆ. ಅದರ ಗುಟ್ಟು ಸಬ್1ಎ ಎಂಬ ಜೀನ್ ಎಂದು 2006ರಲ್ಲಿ ಗೊತ್ತಾಯಿತು. ಆ ಜೀನ್ ತಯಾರಿಸುವ ಪ್ರೋಟೀನು ಬೇರೆ ಜೀನುಗಳಿಗೆ ಸ್ವಿಚ್ ಇದ್ದಂತೆ. ನೀರು ಬಂದಾಗ ಅದು ಬೆಳವಣಿಗೆಯನ್ನು ತಡೆಯುತ್ತದೆ, ಸಕ್ಕರೆ ಉಳಿಯುತ್ತದೆ. ಪೈರು ಉಸಿರು ಬಿಗಿಹಿಡಿದು ಕಾಯುತ್ತದೆ, ಅಷ್ಟೇ.

ಆದರೆ ಎಫ್‌ಆರ್‌13ಎ ಇಳುವರಿ ಕಡಿಮೆ. ಹಾಗಾಗಿ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಆ ಗುಣವನ್ನು ಆಂಧ್ರದ ಜನಪ್ರಿಯ ‘ಸ್ವರ್ಣ’ ತಳಿಗೆ ತಂದರು. ಇದು ಕುಲಾಂತರಿ ಅಲ್ಲ, ಭತ್ತಕ್ಕೆ ಭತ್ತದ್ದೇ ಸಂಕರ. ಒಂದೇ ಹೊಸತು: ಪ್ರತಿ ಪೀಳಿಗೆಯಲ್ಲೂ ಎಳೆ ಸಸಿಯ ಎಲೆಯ ಡಿಎನ್‌ಎ ನೋಡಿ, ಜೀನ್ ಬಂದಿರುವ ಸಸಿಯನ್ನಷ್ಟೇ ಆರಿಸಿ ಮತ್ತೆ ಸ್ವರ್ಣದ ಜತೆ ಕೂಡಿಸಿದರು. ಸ್ವರ್ಣ-ಸಬ್1 ನಮ್ಮ ದೇಶದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಒಡಿಶಾದಲ್ಲಿ ನಡೆದ ಅಧ್ಯಯನವೊಂದು ಹೇಳಿದ ಮಾತು ನನ್ನನ್ನು ಹಿಡಿದು ನಿಲ್ಲಿಸಿತು: ಹೆಚ್ಚು ಲಾಭವಾಗುವುದು ಪರಿಶಿಷ್ಟ ಜಾತಿಯ ರೈತರಿಗೆ, ಏಕೆಂದರೆ ಮುಳುಗುವ ತಗ್ಗಿನ ಜಮೀನು ಇರುವುದು ಹೆಚ್ಚಾಗಿ ಅವರ ಪಾಲಿಗೆ.

ಇದು ಮಂತ್ರದಂಡವಲ್ಲ. ತಿಂಗಳುಗಟ್ಟಲೆ ನೀರು ನಿಂತರೆ ಈ ಭತ್ತವೂ ಉಳಿಯದು. ಬರಕ್ಕೆ, ಉಪ್ಪುನೀರಿಗೆ ಬೇರೆ ಗುಣ ಬೇಕು. ಆ ಗುಣ ಎಲ್ಲಿದೆ? ಅಘನಾಶಿನಿಯ ಗಜನಿಯಲ್ಲಿ ಬೆಳೆಯುವ ಕಗ್ಗ ಉಪ್ಪುನೀರನ್ನು ತಾಳುತ್ತದೆ. ನಮ್ಮ ಕಡೆಯ ನೆರೆಗೂಳಿ ಹೆಸರಲ್ಲೇ ನೆರೆಯನ್ನು ಹೊತ್ತಿದೆ. ಲ್ಯಾಬು ಗುಣವನ್ನು ಹುಡುಕಿ ಕೊಡಬಹುದು, ಆದರೆ ಹುಡುಕಲು ಬೀಜ ಉಳಿದಿರಬೇಕಲ್ಲ?

ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜ ನೆರೆಗೂಳಿ ಹಾಕ್ತಿದ್ದ. ಈಗ ಬೀಜ ಯಾರ ಹತ್ರ ಇದ್ಯೋ, ಕೇಳ್ಬೇಕು” ಅಂದ.

ಈ ಸಲ ಊರಿಗೆ ಹೋದಾಗ ನೀವೂ ಕೇಳಿ ನೋಡಿ.