ಬಾಗಿಲಲ್ಲಿ ಕೇಳುವ ಪದವಿ, ಸಂಬಳದ ದಿನ ಮರೆಯುವ ಪದವಿ

ಬೆಂಗಳೂರಿನ ಖಾಸಗಿ ಆಸ್ಪತ್ರೆಗಳ ನೇಮಕಾತಿ ಜಾಹೀರಾತುಗಳನ್ನು ಒಮ್ಮೆ ಓದಿ ನೋಡಿ. ‘ಸ್ಟಾಫ್ ನರ್ಸ್ ಬೇಕಾಗಿದ್ದಾರೆ, ಬಿ.ಎಸ್ಸಿ. ನರ್ಸಿಂಗ್ ಆದವರಿಗೆ ಆದ್ಯತೆ’ ಎಂಬ ಸಾಲು ಮತ್ತೆ ಮತ್ತೆ ಎದುರಾಗುತ್ತದೆ. ಸಂಬಳ ಎಷ್ಟು, ಒಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡಿಕೊಳ್ಳಬೇಕು ಎಂಬ ವಿವರ ಮಾತ್ರ ಅಪರೂಪ. ನನ್ನ ತಕರಾರು ಇರುವುದು ಆ ‘ಆದ್ಯತೆ’ಯ ಮೇಲೆ. ನರ್ಸ್‌ಗಳಿಗೆ ಪದವಿ ಬೇಡ ಎಂದು ನಾನು ವಾದಿಸುತ್ತಿಲ್ಲ. ಬಾಗಿಲಲ್ಲಿ ಪದವಿ ಕೇಳಿ, ಒಳಗೆ ಬಂದ ಮೇಲೆ ಅದನ್ನು ಮರೆತುಬಿಡುವ ಆಸ್ಪತ್ರೆಗೆ ಅದನ್ನು ಕೇಳುವ ಹಕ್ಕು ಎಲ್ಲಿಂದ ಬಂತು ಎನ್ನುತ್ತಿದ್ದೇನೆ, ಅಷ್ಟೇ.

ಈ ಲೋಕದ ಪರಿಚಯ ಇಲ್ಲದವರಿಗಾಗಿ ಸ್ವಲ್ಪ ವಿವರ. ನಮ್ಮಲ್ಲಿ ನರ್ಸ್ ಆಗಲು ಮುಖ್ಯವಾಗಿ ಎರಡು ದಾರಿ. ಜಿ.ಎನ್.ಎಂ. ಮೂರು ವರ್ಷದ ಡಿಪ್ಲೊಮಾ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಮೊದಲನೆಯದಕ್ಕೆ ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರೂ ಸೇರಬಹುದು. ಎರಡನೆಯದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕೇ ಬೇಕು. ಯಾವುದನ್ನೇ ಮುಗಿಸಿ ಬಂದರೂ ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಆಗುವ ನೋಂದಣಿ ಒಂದೇ ಹೆಸರಿನದು: ನೋಂದಾಯಿತ ನರ್ಸ್ ಮತ್ತು ಮಿಡ್‌ವೈಫ್. ವಾರ್ಡಿನಲ್ಲಿ ಡ್ರಿಪ್ ಹಾಕಲು ಇಬ್ಬರಿಗೂ ಕಾನೂನು ಕೊಟ್ಟಿರುವ ಅಧಿಕಾರ ಒಂದೇ.

ಅರಸೀಕೆರೆ ಕಡೆಯ ನನ್ನ ದೊಡ್ಡಮ್ಮನ ಮಗಳು ಜಿ.ಎನ್.ಎಂ. ಮಾಡಿದಳು. ಅವಳ ಹೋಬಳಿಯ ಪಿಯು ಕಾಲೇಜಿನಲ್ಲಿ ವಿಜ್ಞಾನ ವಿಭಾಗವೇ ಇರಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಬಸ್ಸು ಹೋಗುವ ಕಾಲೇಜಿಗೆ ಹೋದ ಹುಡುಗಿ ಅದಕ್ಕೆ ಇವತ್ತಿಗೂ ದಂಡ ಕಟ್ಟುತ್ತಿದ್ದಾಳೆ. ಐಸಿಯುವಿನಲ್ಲಿ ಆರು ವರ್ಷ ದುಡಿದವಳು ಅವಳು. ವೆಂಟಿಲೇಟರಿನ ಅಲಾರಂ ಯಾಕೆ ಕೂಗುತ್ತಿದೆ, ಸಕ್ಷನ್ ಯಾವಾಗ ಮಾಡಬೇಕು ಎಂದು ಹೊಸದಾಗಿ ಬಂದ ಬಿ.ಎಸ್ಸಿ. ಹುಡುಗಿಯರಿಗೆ ಹೇಳಿಕೊಟ್ಟವಳೂ ಅವಳೇ. ಕಳೆದ ವರ್ಷ ಇನ್ನೊಂದು ಆಸ್ಪತ್ರೆಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಲು ಕೂತಳು. ವಿದ್ಯಾರ್ಹತೆಯ ಪುಟದಲ್ಲಿ ಡಿಪ್ಲೊಮಾ ಎಂದು ಒತ್ತಿದ್ದೇ ತಡ, ಅರ್ಜಿ ಮುಂದೆ ಹೋಗಲಿಲ್ಲ. “ಅನುಭವ ಎಷ್ಟು ಅಂತ ಕೇಳೋ ಪುಟದ ತನಕ ಹೋಗೋಕೇ ಬಿಡಲಿಲ್ಲ ಕಣೇ” ಅಂದಳು.

ಹಾಗಾದರೆ ಬಿ.ಎಸ್ಸಿ. ಆದವರು ಒಳಗೆ ಸುಖವಾಗಿದ್ದಾರೆಯೇ? ಅಕ್ಕ ಈಗಿರುವ ಆಸ್ಪತ್ರೆಯಲ್ಲಿ ಇಬ್ಬರ ಸಂಬಳದ ನಡುವಿನ ಅಂತರ ತಿಂಗಳಿಗೆ ಒಂದೂವರೆ ಸಾವಿರ. ಒಂದು ವರ್ಷ ಹೆಚ್ಚು ಓದಿದ, ಸಾಲ ಮಾಡಿ ಫೀಸು ಕಟ್ಟಿದ ಹುಡುಗಿಯ ಪದವಿಗೆ ಅಲ್ಲಿ ಕಟ್ಟಿದ ಬೆಲೆ ಅದು. ಇಬ್ಬರ ನೈಟ್ ಡ್ಯೂಟಿಯೂ ಒಂದೇ, ಪಾಲಿಗೆ ಬರುವ ಹಾಸಿಗೆಗಳೂ ಅಷ್ಟೇ. ಡಿಪ್ಲೊಮಾದವರು ಮತ್ತು ಪದವೀಧರರು ಪರಸ್ಪರ ಜಗಳವಾಡಿಕೊಂಡಿದ್ದರೆ ಆಡಳಿತ ಮಂಡಳಿಗೆ ಅದಕ್ಕಿಂತ ಅನುಕೂಲ ಇನ್ನೇನಿದೆ?

ಆಸ್ಪತ್ರೆಗಳ ಪರ ವಹಿಸುವವರು ಕೂಡಲೇ ಸಂಶೋಧನೆ ತೋರಿಸುತ್ತಾರೆ. ನನ್ನ ಕಸುಬೂ ಅದೇ ಆದ್ದರಿಂದ ಓದಿಯೇ ಮಾತಾಡೋಣ. 2014ರಲ್ಲಿ ಲಿಂಡಾ ಐಕನ್ ಮತ್ತು ಸಂಗಡಿಗರು ‘ದಿ ಲ್ಯಾನ್ಸೆಟ್’ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ 4,22,730 ರೋಗಿಗಳ ದಾಖಲೆ ಅದರ ಆಧಾರ. ಪದವೀಧರ ನರ್ಸ್‌ಗಳ ಪ್ರಮಾಣ ಶೇ. 10ರಷ್ಟು ಹೆಚ್ಚಿದಲ್ಲಿ, ರೋಗಿ 30 ದಿನದೊಳಗೆ ಸಾಯುವ ಸಾಧ್ಯತೆ ಶೇ. 7ರಷ್ಟು ಕಡಿಮೆ ಎಂದು ಅದರಲ್ಲಿ ಕಂಡುಬಂತು. ಸಣ್ಣ ಮಾತಲ್ಲ ಇದು, ನಾನು ಒಪ್ಪುತ್ತೇನೆ. ಆದರೆ ಅದೇ ಪ್ರಬಂಧ ಇನ್ನೊಂದನ್ನೂ ಹೇಳುತ್ತದೆ: ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಸಾವಿನ ಸಾಧ್ಯತೆ ಶೇ. 7ರಷ್ಟೇ ಏರುತ್ತದೆ. ಮೊದಲ ಅರ್ಧ ನೇಮಕಾತಿ ವಿಭಾಗಕ್ಕೆ ಬಾಯಿಪಾಠವಾಗಿದೆ. ಎರಡನೆಯ ಅರ್ಧಕ್ಕೆ ಹಣ ಖರ್ಚಾಗುತ್ತದೆ, ಹಾಗಾಗಿ ಅದನ್ನು ಯಾರೂ ಓದಿದಂತಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದ ಪ್ರಕಾರ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ, ಇತರ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ಮನೆಯವರಿಗಾಗಿ ಆಸ್ಪತ್ರೆಯಲ್ಲಿ ರಾತ್ರಿ ಕಳೆದವರು ತಾವೇ ಎಣಿಸಿರುತ್ತೀರಿ.

ಓದು ಮತ್ತು ಅನುಭವವನ್ನು ಒಟ್ಟಿಗೆ ತೂಗುವುದು ಆಗದ ಕೆಲಸವೇನಲ್ಲ. ಏಮ್ಸ್‌ನ ನಾರ್ಸೆಟ್ ಪರೀಕ್ಷೆಗೆ ಬಿ.ಎಸ್ಸಿ. ಆದವರು ನೇರವಾಗಿ ಕೂರಬಹುದು. ಜಿ.ಎನ್.ಎಂ. ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿದ ಅನುಭವ ಬೇಕು. ಆಮೇಲೆ ಪ್ರಶ್ನೆಪತ್ರಿಕೆ ಒಂದೇ, ಪಾಸಾದರೆ ಹುದ್ದೆಯೂ ಒಂದೇ, ಏಳನೇ ವೇತನ ಆಯೋಗದ ಆರಂಭಿಕ ಮೂಲವೇತನ 44,900 ರೂಪಾಯಿಯೂ ಒಂದೇ. ಈ ಎರಡು ವರ್ಷ ನ್ಯಾಯವೋ ಅಲ್ಲವೋ ಚರ್ಚೆ ಮಾಡಬಹುದು. ಆದರೆ ಲೆಕ್ಕ ಬಹಿರಂಗವಾಗಿದೆ, ದುಡಿಮೆಗೆ ಅದರಲ್ಲಿ ಬೆಲೆಯಿದೆ. ಖಾಸಗಿ ಆಸ್ಪತ್ರೆಯ ಅರ್ಜಿ ನಮೂನೆಗೆ ಇಷ್ಟಾದರೂ ಕಲಿಸಲು ಆಗುವುದಿಲ್ಲವೇ?

ಸಂಬಳದ ಬಗ್ಗೆ ಹೊಸದಾಗಿ ಯೋಚಿಸುವ ಅಗತ್ಯವೂ ಇಲ್ಲ. ಸುಪ್ರೀಂ ಕೋರ್ಟ್ 2016ರಲ್ಲಿ ಕೊಟ್ಟ ನಿರ್ದೇಶನದಂತೆ ರಚನೆಯಾದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳು ತಮ್ಮ ನರ್ಸ್‌ಗಳಿಗೆ ರಾಜ್ಯ ಸರ್ಕಾರಿ ನರ್ಸ್‌ಗಳಷ್ಟೇ ಸಂಬಳ ಕೊಡಬೇಕು ಎಂದಿತು. 50ಕ್ಕಿಂತ ಕಡಿಮೆ ಹಾಸಿಗೆಯಿದ್ದರೂ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದಿತು. ಶಿಫಾರಸು ತಾನೇ, ಕಡತದಲ್ಲಿ ಹಾಯಾಗಿದೆ.

ನಮ್ಮಂಥ ಸಾಹಿತ್ಯದವರ ಪಾಲೂ ಇದರಲ್ಲಿದೆ. ನಮ್ಮ ಕತೆಗಳ, ಸಿನಿಮಾಗಳ ನರ್ಸ್ ಕರುಣೆಯ ಮೂರ್ತಿ. ಅವಳಿಗೆ ಸಂಬಳದ ಚೀಟಿ ಇರುವುದಿಲ್ಲ. ‘ಸೇವೆಗೆ ಪದವಿ ಯಾಕೆ, ಮನಸ್ಸಿದ್ದರೆ ಸಾಕು’ ಎನ್ನುವ ಮಾತು ಕೇಳಲು ಚೆಂದ. ಡ್ರಿಪ್‌ನಲ್ಲಿ ಪೊಟ್ಯಾಸಿಯಂ ಎಷ್ಟು ವೇಗವಾಗಿ ಹೋದರೆ ಹೃದಯ ನಿಲ್ಲುತ್ತದೆ ಎಂಬುದು ಮನಸ್ಸಿನಿಂದ ತಿಳಿಯುವುದಿಲ್ಲ, ಓದಿಯೇ ತಿಳಿಯಬೇಕು. ಅದಕ್ಕೇ ನಾನು ಓದಿನ ವಿರೋಧಿಯಲ್ಲ. (ಪಿಎಚ್‌.ಡಿ. ಮುಗಿಸಿಯೂ ಅತಿಥಿ ಉಪನ್ಯಾಸಕರಾಗಿ ಕೆಲಸ ನವೀಕರಣಕ್ಕೆ ಕಾಯುವ ಗೆಳೆಯರಿದ್ದಾರೆ ನನಗೆ. ಬಾಗಿಲಲ್ಲಿ ಮಾತ್ರ ಕೇಳುವ ಪದವಿ ಎಂದರೇನೆಂದು ಅವರಿಗೆ ವಿವರಿಸಬೇಕಿಲ್ಲ.)

ಜಿ.ಎನ್.ಎಂ. ಆದವರು ಪದವೀಧರರಾಗಲು ದಾರಿಯೂ ಇದೆ: ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಆದರೆ ಪೂರ್ಣಾವಧಿ ಓದಲು ಕೆಲಸ ಬಿಡಬೇಕು. ಊರಿಗೆ ದುಡ್ಡು ಕಳಿಸುವ ಹುಡುಗಿ ಎರಡು ವರ್ಷ ಸಂಬಳವಿಲ್ಲದೆ ಹೇಗಿರಬೇಕು? ಪದವೀಧರ ನರ್ಸ್‌ಗಳೇ ಬೇಕೆನ್ನುವ ಆಸ್ಪತ್ರೆ ತನ್ನಲ್ಲೇ ಐದಾರು ವರ್ಷ ದುಡಿದವಳನ್ನು ಸಂಬಳ ಕೊಟ್ಟು ಓದಲು ಕಳಿಸಲಿ. ಅಷ್ಟಾಗುವವರೆಗೆ, ಮುಂದಿನ ಜಾಹೀರಾತಿನಲ್ಲಿ ‘ಆದ್ಯತೆ’ಯ ಪಕ್ಕದಲ್ಲೇ ಮೂರು ಅಂಕಿಗಳು ಇರಲಿ: ಬಿ.ಎಸ್ಸಿ.ಗೆ ಹೆಚ್ಚುವರಿ ಸಂಬಳ ಎಷ್ಟು, ಡಿಪ್ಲೊಮಾದವರ ಎಷ್ಟು ವರ್ಷದ ಅನುಭವವನ್ನು ಪದವಿಗೆ ಸಮ ಎಂದು ಒಪ್ಪುತ್ತೀರಿ, ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು.